ಹಬ್ಬ ಮುಗ್ಸಿ ಡ್ಯೂಟಿಗೆ ಬಂದ ಮೊದಲ ದಿನ ನೀವೆಲ್ಲ ಹೆಂಗ್ ತಳ್ತೀರಪ್ಪಾ?

ಸಾಗರದ_ಕೂಸು · ಸೋಮವಾರ, 27 ಅಕ್ಟೋಬರ್ 2025, ರಾತ್ರಿ 9:12

ಎಲ್ರಿಗೂ ನಮಸ್ಕಾರ. ಇದೂ ಒಂದು ಸಮಸ್ಯೆನಾ ಅಂತ ಬೈಬೇಡಿ, ಬೈಯೋಕೆ ಮನೇಲಿ ಅಮ್ಮ ಇದಾರೆ. ಸಂಜೆ ಆಫೀಸಿಂದ ಬಂದು ಚಪ್ಪಲಿನೂ ಬಿಚ್ಚದೆ ಮಂಚದ ಮೇಲೆ ಬಿದ್ದವಳು ಒಂದು ಗಂಟೆ ಫ್ಯಾನ್ ನೋಡ್ತಾ ಮಲಗಿದ್ದೆ, ಈಗ ಎದ್ದು ಟೈಪ್ ಮಾಡ್ತಿದೀನಿ.

ಈ ಸಲ ದೀಪಾವಳಿ ಲೆಕ್ಕ ಚೆನ್ನಾಗಿ ಕೂತಿತ್ತು. 20 ನರಕ ಚತುರ್ದಶಿ, 22 ಬಲಿಪಾಡ್ಯ, ಎರಡೂ ಕ್ಯಾಲೆಂಡರ್ ರಜೆ, ಮಧ್ಯ 21, ಆಮೇಲೆ 23, 24 ಮೂರು ದಿನ ಹಾಕಿದ್ರೆ ಹಿಂದೆ ಮುಂದೆ ಶನಿವಾರ ಭಾನುವಾರ ಸೇರಿ ಒಂಬತ್ತು ದಿನ. ನೀರು ತುಂಬೋ ಹಬ್ಬದಿಂದ ಹಿಡಿದು ಗೋಪೂಜೆ ತನಕ ಎಲ್ಲಾ ಮುಗಿಸಿ, ಅಡಿಕೆ ಕೊಯ್ಲು ಶುರುವಾಗಿದೆ ಅಂತ ಅಂಗಳದಲ್ಲಿ ಒಂದೆರಡು ದಿನ ಅಡಿಕೆನೂ ಸುಲಿದು, ಭಾನುವಾರ ರಾತ್ರಿ ತಾಳಗುಪ್ಪ ಟ್ರೇನ್ ಹತ್ತಿದೆ. ಯಶವಂತಪುರದಲ್ಲಿ ಇಳಿಯುವಾಗ ಇನ್ನೂ ಕತ್ತಲು. ಮೆಟ್ರೋಲಿ ನಿದ್ದೆಗಣ್ಣಲ್ಲಿ ನೇತಾಡಿಕೊಂಡು ರೂಮಿಗೆ ಬಂದು ಎರಡು ಗಂಟೆ ಮಲಗಿ ಹತ್ತಕ್ಕೆ ಲಾಗಿನ್ ಅಂತ ಕೂತ್ರೆ ಪಾಸ್‌ವರ್ಡ್ ಎಕ್ಸ್‌ಪೈರ್! ಹೊಸದು ಮಾಡೋಕೆ ಹಳೇದು ಕೇಳತ್ತೆ, ಹಳೇದು ನೆನಪಿಲ್ಲ. ಒಂಬತ್ತು ದಿನದಲ್ಲಿ ಮರೆತೋಗಿದೆ ಅಂದ್ರೆ ನಂಬ್ತೀರಾ? ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿದ್ರೆ ನಂಗಿಂತ ಮುಂಚೆ 31 ಜನ ಕ್ಯೂನಲ್ಲಿ, ಎಲ್ರೂ ನನ್ ಥರದವ್ರೇ ಇರ್ಬೇಕು.

ಹನ್ನೊಂದೂವರೆಗೆ ಒಳಗೆ ಹೋದ್ರೆ 743 ಮೇಲ್. ಹನ್ನೆರಡಕ್ಕೆ ಮೀಟಿಂಗು, ಅದ್ರಲ್ಲಿ ನಂಗೆ ಒಂದು ಪ್ರಶ್ನೆ ಕೇಳಿದ್ರು, ಉತ್ತರ ಗೊತ್ತಿತ್ತು, ಬಾಯಿಗೆ ಬರ್ಲಿಲ್ಲ. ಮೂರಕ್ಕೆ ಇನ್ನೊಂದು. ಐದಕ್ಕೆ ಮತ್ತೊಂದು. ಇವೆಲ್ಲದರ ಮೇಲೆ ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಲ್ಯಾಪ್‌ಟಾಪ್ ಬ್ಯಾಗಿನ ಒಳಗೇ ಸೋರಿದೆ, ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ರೂನೂ. ಲ್ಯಾಪ್‌ಟಾಪ್ ಬಚಾವ್. ಚಾರ್ಜರ್ ವೈರು ಮಾತ್ರ ಇಂಗು ಸಾಸಿವೆ ವಾಸನೆ ಹೊಡೀತಿದೆ, ಮೀಟಿಂಗ್ ರೂಮಲ್ಲಿ ಪ್ಲಗ್ ಹಾಕಿದಾಗ ಪಕ್ಕದವಳು ತಿರುಗಿ ತಿರುಗಿ ನೋಡಿದ್ಲು.

ಕೆಲಸ ಇಷ್ಟ ಇಲ್ಲ ಅಂತಲ್ಲ ಕಣ್ರೀ. ಹೋಗೋ ಮುಂಚೆ ಚೆನ್ನಾಗೇ ಮಾಡ್ತಿದ್ದೆ. ಬಂದ ಮೊದಲ ದಿನ ಮಾತ್ರ ಯಾಕೆ ಹಿಂಗೆ? ನೀವೆಲ್ಲ ಹೆಂಗ್ ಮಾಡ್ತೀರಿ ಹೇಳಿ. ಯೋಗ ಮಾಡಿ, ಬೇಗ ಮಲಗಿ ಅಂತ ಹೇಳೋರು ದಯವಿಟ್ಟು ಹೇಳ್ಬೇಡಿ.

---

ಮಸಾಲೆ_ದೋಸೆ_ಸಂಘ · ರಾತ್ರಿ 9:20

ಯೋಗ ಮಾಡಿ, ಬೇಗ ಮಲಗಿ.

---

ಪೀಣ್ಯ_ಸಿಎನ್‌ಸಿ · ರಾತ್ರಿ 9:58

ಮೇಡಂ ನಾನು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಿಎನ್‌ಸಿ ಆಪರೇಟರ್, ಅಂದ್ರೆ ಕಂಪ್ಯೂಟರ್ ಕಂಟ್ರೋಲಲ್ಲಿ ಲೋಹ ಕೊರೆಯೋ ಮಿಷಿನ್ ಓಡಿಸೋನು, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಪೋಸ್ಟ್ ಓದಿ ನಗು ಬಂತು, ಯಾಕಂದ್ರೆ ನೀವು ಹೇಳ್ತಿರೋದು ಪೂರ್ತಿ ಮಿಷಿನ್ ಕತೆ.

ಹಬ್ಬಕ್ಕೆ ಐದಾರು ದಿನ ಶಾಪ್ ಬಾಗಿಲು ಹಾಕಿ ಬಂದ್ಮೇಲೆ ಯಾರೂ ಸ್ವಿಚ್ ಹಾಕಿದ ತಕ್ಷಣ ಜಾಬ್, ಅಂದ್ರೆ ಕೊರೆಯೋ ಪೀಸು, ಹತ್ತಿಸಲ್ಲ. ಮೊದ್ಲು ಕಂಪ್ರೆಸರ್ ಟ್ಯಾಂಕ್ ಕೆಳಗಡೆ ವಾಲ್ವ್ ಬಿಟ್ಟು ನೀರು ತೆಗೀಬೇಕು, ಕೆಂಪಗೆ ತುಕ್ಕು ನೀರು ಬರುತ್ತೆ. ಕೂಲೆಂಟ್ (ಕೊರೆಯೋವಾಗ ತಂಪಿಗೆ ಬಿಡೋ ದ್ರವ) ಟ್ಯಾಂಕ್ ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ. ಅದು ಯಾಕೆ ಅಂದ್ರೆ ಓಡ್ತಿರೋವಾಗ ಕೂಲೆಂಟ್ ಸುತ್ತುತ್ತೆ ಗಾಳಿ ಸೇರುತ್ತೆ, ನಿಂತಾಗ ಮೇಲೆ ಸ್ಲೈಡ್ ಆಯಿಲ್ ಕೆನೆ ಕಟ್ಟುತ್ತೆ, ಕೆಳಗಡೆ ಗಾಳಿ ಇಲ್ದೆ ಬೆಳೆಯೋ ಬ್ಯಾಕ್ಟೀರಿಯಾ ಮಜಾ ಮಾಡುತ್ತೆ. ಆ ಎಣ್ಣೆ ಕೆನೆ ತೆಗೆದು ಸ್ವಲ್ಪ ಹೊತ್ತು ಪಂಪ್ ಸುಮ್ನೆ ಓಡಿಸ್ಬೇಕು. ಆಮೇಲೆ ಆಕ್ಸಿಸ್ ಎಲ್ಲಾ ಹೋಮ್ ಪೊಸಿಷನ್‌ಗೆ ತಂದು, ಸ್ಪಿಂಡಲ್‌ನ, ಅಂದ್ರೆ ಮಿಷಿನ್‌ನಲ್ಲಿ ತಿರುಗೋ ಭಾಗನ, ನಿಮಿಷಕ್ಕೆ 500 ಸುತ್ತಲ್ಲಿ ಐದು ನಿಮಿಷ, 1000ದಲ್ಲಿ ಐದು ನಿಮಿಷ, 2000, ಹಿಂಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸ್ತೀವಿ. ಒಳಗಡೆ ಬೇರಿಂಗ್‌ನಲ್ಲಿರೋ ಗ್ರೀಸು ಒಂದೇ ಕಡೆ ಕೂತಿರುತ್ತೆ, ಅದು ಎಲ್ಲಾ ಕಡೆ ಹರಡ್ಬೇಕು. ಅಷ್ಟರಲ್ಲಿ ಮಿಷಿನ್ನೂ ಬಿಸಿ ಆಗುತ್ತೆ.

ಬಿಸಿ ಯಾಕೆ ಮುಖ್ಯ ಅಂದ್ರೆ ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. ನಮ್ ಜಾಬ್‌ನಲ್ಲಿ ಟಾಲರೆನ್ಸು, ಅಂದ್ರೆ ಅಳತೆ ಹೆಚ್ಚುಕಮ್ಮಿ ಆಗಬಹುದಾದ ಮಿತಿ, 10 ಮೈಕ್ರಾನ್ ಇರುತ್ತೆ. ತಣ್ಣಗಿರೋ ಮಿಷಿನ್‌ನಲ್ಲಿ ಬೆಳಿಗ್ಗೆ ಸೆಟ್ ಮಾಡಿದ ಸೈಜು ಮಧ್ಯಾಹ್ನ ಬರಲ್ಲ. ಅದಕ್ಕೇ ಹಬ್ಬ ಮುಗಿದ ಮೊದಲ ಪೀಸ್ ಕೈಗೆ ಬಂದ್ರೆ ನಾವು ಅದನ್ನ ಕಸ್ಟಮರ್ ಪೀಸ್ ಅಂತ ಲೆಕ್ಕನೇ ಹಿಡಿಯಲ್ಲ, ಮೈಕ್ರೋಮೀಟರ್ ಹಿಡಿದು ನೋಡೋಕೆ ಅಂತ್ಲೇ ಮಾಡೋದು.

ನೀವು ಹತ್ತಕ್ಕೆ ಸ್ವಿಚ್ ಹಾಕಿ ಹನ್ನೆರಡಕ್ಕೆ ಫುಲ್ ಲೋಡ್ ಕಟ್ ಕೊಟ್ಟಿದೀರಾ. ಸೈಜು ಹೆಂಗೆ ಬರುತ್ತೆ?

---

ಸಾಗರದ_ಕೂಸು · ರಾತ್ರಿ 10:07

ಅಯ್ಯೋ ಸರ್ ಇದು ಸೂಪರ್. ಆದ್ರೆ ನನ್ನ ಕೂಲೆಂಟ್ ವಾಸನೆ ಅಪ್ಪೆಮಿಡಿದು 😅

ಒಂದು ಪ್ರಶ್ನೆ. ವಾರ್ಮಪ್ ಮಾಡದೆ ಓಡಿಸಿದ್ರೆ ನಿಜವಾಗ್ಲೂ ಏನಾಗತ್ತೆ?

---

ಪೀಣ್ಯ_ಸಿಎನ್‌ಸಿ · ರಾತ್ರಿ 10:25

ಒಂದ್ಸಲ ಮಾಡಿದೀನಿ. ಕಂಪನಿ ಹೆಸರು ಬೇಡ, ಅಲ್ಲಿಂದ ಬಿಟ್ಟು ತುಂಬಾ ವರ್ಷ ಆಯ್ತು. ಆಯುಧಪೂಜೆ ಮುಗಿಸಿ ಕುಣಿಗಲ್‌ನಿಂದ ಬೆಳಿಗ್ಗೆ ಲೇಟಾಗಿ ಬಂದೆ, ಲೋಡು ಅರ್ಜೆಂಟ್ ಇತ್ತು, ಸೂಪರ್‌ವೈಸರ್ ತಲೆ ಮೇಲೆ ನಿಂತಿದ್ದ, ನೇರ 4000ಕ್ಕೆ ಕೊಟ್ಟೆ. ಮೊದಲ ದಿನ ಏನೂ ಆಗ್ಲಿಲ್ಲ. ಹದಿನೈದು ದಿನ ಆದ್ಮೇಲೆ ಸ್ಪಿಂಡಲ್‌ನಿಂದ ಒಂಥರಾ ಸಣ್ಣ ಶಿಳ್ಳೆ ಶುರುವಾಯ್ತು. ಅದು ನಾನು ಕೊಟ್ಟಿದ್ದಕ್ಕೇ ಹೋಯ್ತು ಅಂತ ಪ್ರೂಫ್ ಇಲ್ಲ, ಬೇರಿಂಗ್ ಹಳೇದೇ ಇತ್ತು, ಆದ್ರೆ ಬೈಗುಳ ಪೂರ್ತಿ ನಂಗೇ ಬಂತು. ಮಿಷಿನ್ ನಾಲ್ಕು ದಿನ ನಿಂತಿತ್ತು. ಇಪ್ಪತ್ತು ನಿಮಿಷ ಉಳಿಸೋಕೆ ಹೋಗಿ ನಾಲ್ಕು ದಿನ.

ಇನ್ನೊಂದ್ ಮಾತು, ಆಯುಧಪೂಜೆ ದಿನ ನಾವು ಪೂಜೆಗಿಟ್ಟ ಟೂಲ್ ಮುಟ್ಟಲ್ಲ. ವಿಜಯದಶಮಿ ದಿನ ಮಿಷಿನ್ ಮೇಲಿನ ಹೂವು ಕದಲಿಸಿ, ಹೆಸರಿಗೆ ಅಂತ ಒಂದು ನಿಮಿಷ ಖಾಲಿ ಓಡಿಸಿ, ಆಫ್ ಮಾಡಿ, ಸ್ವೀಟ್ ಬಾಕ್ಸ್ ಇಸ್ಕೊಂಡು ಮನೆಗೆ ಹೋಗ್ತೀವಿ. ಪ್ರೊಡಕ್ಷನ್ ಶುರುವಾಗೋದು ಆಮೇಲೆ. ಹಳೇ ಜನ ಏನ್ ಯೋಚ್ನೆ ಮಾಡಿ ಮಾಡಿದ್ರೋ ಗೊತ್ತಿಲ್ಲ, ನಂಗಂತೂ ಅದು ವಾರ್ಮಪ್ ಥರಾನೇ ಕಾಣುತ್ತೆ.

---

ಟಿಕೆಟ್_ಟಿಕೆಟ್ · ರಾತ್ರಿ 11:31

ಅಕ್ಕಾರ, ನೀವೆಲ್ಲಾ ರಜಾ ಮುಗಿಸಿ ಬರೂ ಬಸ್ಸಿನ್ಯಾಗ ನಾ ಟಿಕೆಟ್ ಹರಿಯಾಕತ್ತಿರ್ತೀನ್ರಿ. ನಂದು ಹುಬ್ಬಳ್ಳಿ ಕಡೆ ಡಿಪೋ. ಹಬ್ಬದಾಗ ಕಂಡಕ್ಟರ್‌ಗೆ ರಜಾ ಎಲ್ಲಿಂದ ಬರಬೇಕ್ರಿ? ಹೋಗೂ ಮುಂದ ಹೆಚ್ಚುವರಿ ಬಸ್ಸು, ಬರೂ ಮುಂದ ಹೆಚ್ಚುವರಿ ಬಸ್ಸು. ನಿನ್ನೆ ಐತವಾರ ರಾತ್ರಿ ತುಮಕೂರು ದಾಟಿದ ಮ್ಯಾಲೆ ನೆಲಮಂಗಲ ಟೋಲ್ ತನಕ ಬಸ್ಸು ಎತ್ತಿನ ಗಾಡಿಗತೆ ಹೊಂಟಿತ್ತು. ಮುಂದ ಗೊರಗುಂಟೆಪಾಳ್ಯದಾಗ ಅರ್ಧ ಬಸ್ಸು ಖಾಲಿ, ಎಲ್ಲಾ ಮಂದಿ ನಿದ್ದಿಗಣ್ಣಾಗ ಚೀಲ ಬಿಟ್ಟು ಇಳದು ಮತ್ತ ಓಡಿ ಬರ್ತಾರ, 'ಕಂಡಕ್ಟರ್ ಸಾಹೇಬ್ರ, ನನ್ನ ರೊಟ್ಟಿ ಗಂಟು, ನನ್ನ ರೊಟ್ಟಿ ಗಂಟು' ಅಂತ. ಸೋಮವಾರ ನಸುಕಿನ್ಯಾಗ ಬರೂ ಬಸ್ಸಿನ್ಯಾಗ ಯಾರೂ ಮಾತಾಡೂದಿಲ್ರಿ. ಹೋಗೂ ಬಸ್ಸಿನ್ಯಾಗ ನೋಡ್ಬೇಕು ಗದ್ದಲ!

ನಮಗ ರಜಾ ಸಿಗೂದು ಹಬ್ಬ ಮುಗದ ಮ್ಯಾಲೆ. ನಾವು ಊರಿಗೆ ಹೋಗೂದ್ರಾಗ ಕರ್ಚಿಕಾಯಿ ಮೆತ್ತಗಾಗಿರ್ತಾವ, ಆಕಾಶಬುಟ್ಟಿ ಇಳಿಸಿರ್ತಾರ. ಆದ್ರೂ ಹೋಗ್ತೀವಿ.

ನಿಮ್ಮ ಪ್ರಶ್ನಿಗೆ ಉತ್ತರಾ ಕೊಡ್ತೀನಿ. ನಾ ಹತ್ತು ದಿನ ರಜಾ ಮಾಡಿ ಡ್ಯೂಟಿಗೆ ಬಂದ್ರ ಮೊದಲ ಹೋಗೂದು ಕಾಲು. ಓಡೂ ಬಸ್ಸಿನ್ಯಾಗ ನಿಂದರೂದು ಒಂದು ಅಭ್ಯಾಸ್ರಿ, ತಿರುವು ಬರೂಕಿಂತ ಮೊದ್ಲ ಕಾಲಿಗೆ ಗೊತ್ತಾಗಿರ್ತೈತಿ. ಹತ್ತು ದಿನ ನೆಲದ ಮ್ಯಾಲೆ ಅಡ್ಡಾಡಿ ಬಂದ್ರ ಕಾಲು ಮರ್ತಿರ್ತಾವ, ಮೊದಲ ಬ್ರೇಕಿಗೇ ಯಾರರೆ ಅಜ್ಜನ ತೊಡಿಮ್ಯಾಲೆ ಬೀಳೂದು. ಎರಡನೇದು ಬೆರಳು, ಟಿಕೆಟ್ ಮಷೀನ್ ಗುಂಡಿ ಒತ್ತೂ ಮುಂದ ತಪ್ಪು ಸ್ಟೇಜು. ಹೆಣ್ಣಮಕ್ಕಳ ಶೂನ್ಯ ಟಿಕೆಟ್ ಕೊಡೂದು ಬಿಟ್ಟು ಹೋದ್ರ ಚೆಕಿಂಗ್‌ನವರು ಹಿಡಿತಾರ. ಹಿಂಗಾಗಿ ನಾ ಡಿಪೋದಾಗ ಮೊದಲ ದಿನ ಸಣ್ಣ ರೂಟ್ ಕೇಳ್ತೀನ್ರಿ, ಹಳ್ಳಿ ರೂಟು, ಇಪ್ಪತ್ತು ಕಿಲೋಮೀಟರ್ ಹೋಗೂದು ಬರೂದು. ಸಿಕ್ಕರ ಪುಣ್ಯ, ಸಿಗಲಿಲ್ಲಂದ್ರ ನೈಟ್ ಬೆಂಗಳೂರು.

ನಿಮ್ಮ ಆಫೀಸಿನ್ಯಾಗ ಸಣ್ಣ ರೂಟ್ ಇರೂದಿಲ್ಲೇನ್ರಿ?

---

ಸಾಗರದ_ಕೂಸು · ಮಂಗಳವಾರ, ಬೆಳಿಗ್ಗೆ 8:40

ಅಣ್ಣಾ, ಸಣ್ಣ ರೂಟ್!! ಇದನ್ನ ಇವತ್ತೇ ನಮ್ಮ ಲೀಡ್‌ಗೆ ಕೇಳ್ತೀನಿ. ರೊಟ್ಟಿ ಗಂಟು ಸಿಕ್ತಾ ಅವ್ರಿಗೆ?

---

ಟಿಕೆಟ್_ಟಿಕೆಟ್ · ಮಂಗಳವಾರ, ಬೆಳಿಗ್ಗೆ 9:02

ಸಿಕ್ತ್ರಿ. ಒಂದು ಶೇಂಗಾ ಹೋಳಿಗಿ ನನಗ ಕೊಟ್ಟು ಹೋದ್ರು.

---

ಹಾಲು_ಕೇಂದ್ರ · ಮಂಗಳವಾರ, ಬೆಳಿಗ್ಗೆ 9:30

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಿಂದ. ಎರಡು ಹಸ, ಒಂದು ಎಮ್ಮೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕ್ಬೇಕು. ಹಬ್ಬ ಆದ್ರೇನು ಸಾವಾದ್ರೇನು ಕೆಚ್ಚಲು ಕಾಯಲ್ಲ. ರಜಾ ಮುಗಿಸಿ ಬಂದು ಬೇಜಾರು ಅಂತೀರಲ್ಲ, ರಜಾನೇ ಇಲ್ದೋರು ಏನ್ ಮಾಡ್ಬೇಕು? ಎಸಿ ರೂಮಲ್ಲಿ ಕೂತು ಮೇಲ್ ನೋಡೋಕೂ ವಾರ್ಮಪ್ ಬೇಕಾ. ನಮ್ಮ ಮಗನೂ ಹಿಂಗೇ, ಭಾನುವಾರ ಹೊರಡೋವಾಗ ಮುಖ ಊದಿಸ್ಕೊಂಡು ಹೋದ.

---

ಮಸಾಲೆ_ದೋಸೆ_ಸಂಘ · ಮಂಗಳವಾರ, ಬೆಳಿಗ್ಗೆ 9:44

ಬಂತಪ್ಪ. ಇನ್ನೂ ಬರ್ಲಿಲ್ವಲ್ಲ ಅಂತ ನೋಡ್ತಿದ್ದೆ.

---

ಟೀಚರ್_ಅರಸೀಕೆರೆ · ಮಂಗಳವಾರ, ಮಧ್ಯಾಹ್ನ 1:15

ಹಾಲು ಕೇಂದ್ರದ ಅಣ್ಣಾವ್ರೇ, ನೀವು ಹೇಳೋದು ನಿಜ, ಆದ್ರೆ ನಿಮ್ಮ ಮಗ ಮುಖ ಊದಿಸಿಕೊಂಡಿದ್ದು ಆಫೀಸಿಗಲ್ಲ, ನಿಮ್ಮನ್ನ ಬಿಟ್ಟು ಹೋಗೋದಕ್ಕೆ ಇರಬಹುದು, ಒಂದ್ಸಲ ಫೋನ್ ಮಾಡಿ ಕೇಳಿ.

ನನ್ನ ಕತೆ ಬೇರೆ. ಈ ವರ್ಷ ಸರ್ಕಾರಿ ಶಾಲೆಗೆ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7 ತನಕ ಇತ್ತು, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲ ಅಂತ 18ರವರೆಗೂ ಮುಂದೆ ಹೋಯ್ತು. ಪೇಪರಲ್ಲಿ 'ಶಾಲೆಗಳಿಗೆ ಮತ್ತೆ ರಜೆ' ಅಂತ ಬಂದಾಗ ನಮ್ಮ ಬೀದಿಯವರೆಲ್ಲ ನಂಗೆ 'ಏನ್ ಮೇಡಂ ಮಜಾ' ಅಂದ್ರು. ಮಜಾ ಮಾಡಿದ್ದು ಮಕ್ಕಳು. ನಾನು ಮನೆ ಮನೆ ತಿರುಗಿ, ಮೊಬೈಲ್‌ನಲ್ಲಿ ಆಪ್ ತೆಗೆದು, ನೆಟ್‌ವರ್ಕ್ ಇಲ್ಲ ಅಂದ್ರೆ ತೆಂಗಿನ ತೋಟದ ದಿಬ್ಬ ಹತ್ತಿ, ಓಟಿಪಿ ಬರೋ ತನಕ ಅವರ ಮನೆ ಜಗಲಿ ಮೇಲೆ ಕೂತು. ಊಟದ ಹೊತ್ತಿಗೆ ಹೋದ್ರೆ 'ಬನ್ನಿ ಮೇಡಂ ಮುದ್ದೆ ಉಣ್ಣಿ' ಅಂತ ಕರೆದೋರೂ ಇದಾರೆ, ನಾಯಿ ಬಿಟ್ಟೋರೂ ಇದಾರೆ. ಹಿಂಗಾಗಿ ನಂಗೆ ಶಾಲೆಗೆ ವಾಪಸ್ ಹೋಗಿದ್ದೇ ರಜೆ ಥರ ಅನ್ನಿಸ್ತು.

ಆದ್ರೆ ಮಕ್ಕಳು! ಹಬ್ಬ ಮುಗಿಸಿ 23ಕ್ಕೆ ಕ್ಲಾಸ್ ತುಂಬ್ತು. ತಿಂಗಳ ಮೇಲಾಗಿತ್ತು ಅವು ಪುಸ್ತಕ ನೋಡಿ. ಎರಡನೇ ಕ್ಲಾಸಿನ ಒಬ್ಬ ಸ್ಲೇಟ್ ಹಿಡ್ಕೊಂಡು 'ಮಿಸ್, ಒತ್ತಕ್ಷರ ಎಲ್ಲಾ ಉದುರೋಗಿದೆ' ಅಂದ. ಮರೆತೋಯ್ತು ಅನ್ನೋದನ್ನ ಹಂಗಂದ! ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ರಜೆ ಮುಗಿದ ಮೊದಲ ದಿನ ಹೊಸ ಪಾಠ ಶುರು ಮಾಡಿದ್ರೆ ಆ ಪಾಠ ಎರಡ್ಸಲ ಮಾಡ್ಬೇಕಾಗುತ್ತೆ. ಅದಕ್ಕೇ ಮೊದಲ ದಿನ ಕಸ ಗುಡಿಸೋದು, ಗಿಡಕ್ಕೆ ನೀರು, ಯಾರ್ಯಾರ ಮನೇಲಿ ಏನೇನು ಪಟಾಕಿ ಹೊಡೆದ್ರು ಅಂತ ಹೇಳ್ಸೋದು, ಮಧ್ಯಾಹ್ನ ಹೇಳಿದ್ದನ್ನೇ ಮೂರು ಸಾಲು ಬರೆಸೋದು. ಆ ಮೂರು ಸಾಲಲ್ಲೇ ಗೊತ್ತಾಗುತ್ತೆ ಯಾರಿಗೆ ಏನು ಉದುರಿದೆ ಅಂತ. ತಪ್ಪಿಹೋದ ದಿನಕ್ಕೆ ಹೆಚ್ಚುವರಿ ತರಗತಿ ಬೇರೆ ತಗೋಬೇಕು, ಅವಸರ ಇದ್ದೇ ಇದೆ, ಆದ್ರೂ ಆ ಒಂದು ದಿನ ನಾನು ಬಿಟ್ಟುಕೊಡಲ್ಲ.

---

ದಾವಣಗೆರೆ_ಟು_ಜರ್ಸಿ · ಮಂಗಳವಾರ, ಮಧ್ಯಾಹ್ನ 2:20

ನಿಮಗೆ ಮಧ್ಯಾಹ್ನ ಎರಡೂಕಾಲು, ನಂಗೆ ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷ ಇದೆ. ಯಾಕೆ ಎದ್ದಿದೀನಿ ಅಂತ ಕೇಳ್ಬೇಡಿ, ಮೂರಕ್ಕೇ ಎದ್ದಿದೀನಿ. ಶನಿವಾರ ವಾಪಸ್ ಬಂದೆ, ಮೂರು ವಾರ ಊರಲ್ಲಿದ್ದೆ.

ಒಂಬತ್ತೂವರೆ ಗಂಟೆ ವ್ಯತ್ಯಾಸ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಅಷ್ಟೇ ಸರಿಯೋದು, ಅಂದ್ರೆ ಲೆಕ್ಕದ ಪ್ರಕಾರ ಒಂದೂಕಾಲು ವಾರ ನಾನು ಅರ್ಧ ಮನುಷ್ಯ. ಭಾರತಕ್ಕೆ ಹೋಗುವಾಗ ಇನ್ನೂ ಕಷ್ಟ, ಪೂರ್ವಕ್ಕೆ ಹೋಗೋದು ಅಂದ್ರೆ ನಿದ್ದೆನ ಹಿಂದಕ್ಕೆಳೀಬೇಕು, ಪಶ್ಚಿಮಕ್ಕೆ ಬಂದ್ರೆ ತಡವಾಗಿ ಮಲಗಿದ್ರಾಯ್ತು, ದೇಹಕ್ಕೆ ತಡ ಮಾಡೋದು ಸಲೀಸು, ನಮ್ಮ ಸ್ವಭಾವನೇ ಅದು. ಬೆಳಿಗ್ಗೆ ಬಿಸಿಲಿಗೆ ಹೋಗಿ ನಿಲ್ಲಿ ಅಂತಾರೆ, ಅದು ಊರಿಗೆ ಹೋದಾಗ ಸರಿ. ಈ ಕಡೆ ಬಂದಾಗ ಸಂಜೆ ಬೆಳಕು ಕಣ್ಣಿಗೆ ಬೀಳಬೇಕು, ಆಗ ನಿದ್ದೆ ಮುಂದಕ್ಕೆ ಹೋಗುತ್ತೆ. ನಾನು ಆಫೀಸ್ ಮುಗಿಸಿ ಅರ್ಧ ಗಂಟೆ ಸುಮ್ನೆ ರಸ್ತೇಲಿ ನಡೀತೀನಿ. ಇದ್ರ ಮೇಲೆ ಮುಂದಿನ ಭಾನುವಾರ ನವೆಂಬರ್ 2ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಆಗ ಹತ್ತೂವರೆ ಗಂಟೆ ವ್ಯತ್ಯಾಸ. ಸರಿಹೋಗ್ತಿದೆ ಅನ್ನೋಷ್ಟರಲ್ಲಿ ಮತ್ತೆ ಎಡವಟ್ಟು.

ನಾನು ಒಂದು ವಿಷಯ ಕಲಿತಿದೀನಿ. ಮೊದಲ ವಾರ ಮಧ್ಯಾಹ್ನ ಎರಡು ಗಂಟೆ ಮೇಲೆ ಯಾವ ನಿರ್ಧಾರನೂ ತಗೊಳ್ಳಲ್ಲ. ಆಗ ದಾವಣಗೆರೆಯಲ್ಲಿ ಮಧ್ಯರಾತ್ರಿ, ನನ್ನ ತಲೆ ಇನ್ನೂ ಅಲ್ಲೇ ಮಲಗಿರುತ್ತೆ. ಒಂದ್ಸಲ ಅಂಥ ಹೊತ್ತಲ್ಲಿ ಕಸ್ಟಮರ್‌ಗೆ ಹೋಗಬೇಕಾದ ಮೇಲ್ ನಮ್ಮ ಅತ್ತಿಗೆಗೆ ಕಳ್ಸಿದ್ದೆ. ಅತ್ತಿಗೆ 'ಓಕೆ, ಅಪ್ರೂವ್ಡ್' ಅಂತ ವಾಪಸ್ ಕಳ್ಸಿದ್ರು.

ಬ್ಯಾಗ್ ಇನ್ನೂ ಬಿಚ್ಚಿಲ್ಲ. ಮಂಡಕ್ಕಿ ತಂದಿದ್ದೆ, ಮಿರ್ಚಿ ಮಾಡೋಕೆ ಇಲ್ಲಿ ಆ ಮೆಣಸಿನಕಾಯಿ ಸಿಗಲ್ಲ.

---

ಉಡುಪಿ_ಈಗ_ಜರ್ಮನಿ · ಮಂಗಳವಾರ, ಸಂಜೆ 6:05

ಎಂತ ಮಾರಾಯ್ರೆ, ನೀವೆಲ್ಲ ಮೊದಲ ದಿನವೇ ಮೂರು ಮೀಟಿಂಗ್ ಹಾಕಿಕೊಳ್ಳುವುದಾ? ನಾನು ಸ್ಟುಟ್‌ಗಾರ್ಟ್‌ನಲ್ಲಿ ಇರುವುದು ಆರು ವರ್ಷ ಆಯಿತು. ಇಲ್ಲಿ ಕಾನೂನಿನಲ್ಲಿಯೇ ವರ್ಷಕ್ಕೆ ಕಡಿಮೆ ಅಂದರೆ ನಾಲ್ಕು ವಾರ ಸಂಬಳದ ರಜೆ ಉಂಟು, ಕಂಪನಿಗಳು ಅದಕ್ಕಿಂತ ಜಾಸ್ತಿಯೇ ಕೊಡುತ್ತವೆ. ರಜೆಯಲ್ಲಿ ಇರುವಾಗ ಜ್ವರ ಬಂದರೆ ಡಾಕ್ಟರ ಚೀಟಿ ಕೊಟ್ಟರೆ ಸಾಕು, ಅಷ್ಟು ದಿನದ ರಜೆ ನಮಗೆ ವಾಪಸ್. ನಮ್ಮ ಅಮ್ಮನಿಗೆ ಇದನ್ನು ಹೇಳಿದ್ದಕ್ಕೆ 'ಹಾಗಾದರೆ ಅವರು ಕೆಲಸ ಮಾಡುವುದು ಯಾವಾಗ' ಅಂತ ಕೇಳಿದರು.

ಮೇಲ್ ವಿಷಯಕ್ಕೆ ಒಂದು ಮಾತು. 2014ರಲ್ಲಿ ಇಲ್ಲಿಯ ಡೈಮ್ಲರ್ ಕಂಪನಿ ಒಂದು ವ್ಯವಸ್ಥೆ ತಂದಿತ್ತು, ರಜೆಯಲ್ಲಿರುವವನಿಗೆ ಮೇಲ್ ಕಳಿಸಿದರೆ ಅದು ತನ್ನಿಂದ ತಾನೇ ಡಿಲೀಟ್ ಆಗುವುದು. ಇಂಥವರನ್ನು ಸಂಪರ್ಕಿಸಿ, ಇಲ್ಲವಾದರೆ ಅವರು ಬಂದ ಮೇಲೆ ಕಳಿಸಿ ಅಂತ ಕಳಿಸಿದವನಿಗೆ ಉತ್ತರ ಹೋಗುತ್ತದೆ. ಬಂದವನ ಇನ್‌ಬಾಕ್ಸ್ ಖಾಲಿ! ಬೇಡದವರು ಬಿಡಬಹುದು, ಕಡ್ಡಾಯ ಅಲ್ಲ. ನಾನು ಕೆಲಸ ಮಾಡುವುದು ಬೇರೆ ಕಡೆ, ನಮ್ಮಲ್ಲಿ ಅದು ಇಲ್ಲ, ಆದರೆ ರಜೆಯಿಂದ ಬಂದವನ ಹತ್ತಿರ ಮೊದಲ ದಿನ ಯಾರೂ ಕೆಲಸದ ಮಾತು ಎತ್ತುವುದಿಲ್ಲ. ಹೋದದ್ದು ಎಲ್ಲಿಗೆ, ಬಿಸಿಲು ಇತ್ತಾ, ಊಟ ಹೇಗಿತ್ತು, ಅಷ್ಟೇ.

---

ಪೀಣ್ಯ_ಸಿಎನ್‌ಸಿ · ಮಂಗಳವಾರ, ಸಂಜೆ 6:30

ಸರ್ ಅದು ಜರ್ಮನಿ. ನಮ್ಮಲ್ಲಿ ಈಗ, 2025ರ ಅಕ್ಟೋಬರ್‌ನಲ್ಲಿ, ಫ್ಯಾಕ್ಟರಿ ಕಾಯ್ದೆ 1948ರ ಪ್ರಕಾರ ವರ್ಷದಲ್ಲಿ 240 ದಿನ ದುಡಿದವನಿಗೆ ಮುಂದಿನ ವರ್ಷ ಇಪ್ಪತ್ತು ದಿನಕ್ಕೆ ಒಂದು ರಜೆ. ಲೆಕ್ಕ ಹಾಕಿ, 240 ಭಾಗಿಸು 20, ಹನ್ನೆರಡು. ಅದನ್ನ ಉಳಿಸಿ ಉಳಿಸಿ ಹಬ್ಬಕ್ಕೆ ಹಾಕೋದು. ಕಾಂಟ್ರಾಕ್ಟ್ ಹುಡುಗ್ರಿಗೆ ಅದು ಕಾಗದದ ಮೇಲೆ ಮಾತ್ರ ಸಿಗೋ ಜಾಗನೂ ನೋಡಿದೀನಿ. ರಜೆಯಲ್ಲಿ ಜ್ವರ ಬಂದ್ರೆ ನಮ್ಮ ಕಡೆ 'ಒಳ್ಳೇದಾಯ್ತು, ಡ್ಯೂಟಿ ದಿನ ಬರ್ಲಿಲ್ವಲ್ಲ' ಅಂತಾರೆ.

---

ಮ್ಯಾನೇಜರ್_ಆದ್ರೂ_ಮನುಷ್ಯ · ಮಂಗಳವಾರ, ರಾತ್ರಿ 9:50

ಸ್ವಲ್ಪ ಇನ್ನೊಂದು ಕಡೆಯ ಮಾತೂ ಕೇಳಿ. ಹದಿನೆಂಟು ಜನರ ಟೀಮ್ ನಂದು. ಇವ್ರೆಲ್ಲ ಒಂಬತ್ತು ದಿನ ಹೋದಾಗ ನಾನು, ಇನ್ನಿಬ್ರು ಕೂತು ಮೂರು ಜನ ಎಲ್ಲಾ ಎಳೆದಿದೀವಿ. ಸೋಮವಾರ ಹದಿನೈದು ಜನ ನಿದ್ದೆ ಮುಖ ಹೊತ್ತು ಬಂದ್ರೆ ಆ ಮೂರು ಜನಕ್ಕೆ ಏನನ್ನಿಸ್ಬೇಕು? ಉಳಿದವರ ಸಿಟ್ಟು ಯಾರೂ ಬರಿಯಲ್ಲ, ಬರೀ ಹೋದವರ ಬೇಜಾರು.

ಆದ್ರೂ ನಾನು ಕೆಲವು ಮಾಡ್ತೀನಿ. ವಾಪಸ್ ಬಂದ ದಿನ ಊಟಕ್ಕೆ ಮುಂಚೆ ಅವ್ರಿಗೆ ಮೀಟಿಂಗ್ ಹಾಕಲ್ಲ. ಹೋಗೋ ಮುಂಚೆ ಒಂದು ಪುಟ ಬರೆದಿಟ್ಟು ಹೋಗಿ ಅಂತೀನಿ, ಬೇರೆಯವರಿಗಲ್ಲ, ವಾಪಸ್ ಬರೋ ನಿಮಗೇ. ಎಲ್ಲಿಗೆ ನಿಲ್ಲಿಸಿದೀನಿ, ಮುಂದೆ ಯಾವ ಫೈಲ್ ತೆಗೀಬೇಕು, ಯಾರ ಉತ್ತರ ಬಾಕಿ ಇದೆ. ಆಮೇಲೆ ರಜೆಯಲ್ಲಿದೀನಿ ಅಂತ ತಾನಾಗೇ ಹೋಗೋ ಔಟ್ ಆಫ್ ಆಫೀಸ್ ಮೇಲ್‌ನಲ್ಲಿ ವಾಪಸ್ ಬರೋ ದಿನ ಒಂದು ದಿನ ಮುಂದಕ್ಕೆ ಹಾಕಿ. 27ಕ್ಕೆ ಬರೋರು 28 ಅಂತ ಹಾಕಿ, ಸುಳ್ಳೇನಲ್ಲ, ಆ ಒಂದು ದಿನ ಓದೋಕೆ. ಮೇಲ್‌ನ ಹೊಸದರಿಂದ ಹಳೇದಕ್ಕೆ ಓದಿ, ಹಳೇದರಿಂದ ಶುರು ಮಾಡಿದ್ರೆ ಮಂಗಳವಾರ ಬಂದ ಬೆಂಕಿಗೆ ನೀರು ಹುಡುಕ್ತಾ ಕೂರ್ತೀರಾ, ಅದು ಗುರುವಾರವೇ ಆರಿಹೋಗಿರುತ್ತೆ. 743ರಲ್ಲಿ ನಿಮ್ಮ ಕೈಯಿಂದ ಆಗಬೇಕಾದ ಕೆಲಸ ನಲವತ್ತು ಇದ್ರೆ ಹೆಚ್ಚು.

---

ಸಾಗರದ_ಕೂಸು · ಮಂಗಳವಾರ, ರಾತ್ರಿ 10:15

ಸರ್ ನೀವು ನಮ್ಮ ಮ್ಯಾನೇಜರ್ ಅಲ್ಲ ತಾನೇ?? ಹದಿನೆಂಟು ಜನ ಅಂದಿದ್ದಕ್ಕೆ ಎದೆ ಧಸಕ್ ಅಂತು.

ಉಳಿದವರ ಸಿಟ್ಟು ಅಂದಿದ್ದು ಮಾತ್ರ ಸರಿಯಾಗಿ ತಾಗಿತು. ನಮ್ಮ ಟೀಮಲ್ಲೂ ಒಬ್ಬಳು ಹೋಗಿರ್ಲಿಲ್ಲ, ಅವಳ ಊರು ಬೀದರ್, ಹೋಗೋಕೇ ಒಂದು ರಾತ್ರಿ ಬೇಕು, ಟಿಕೆಟ್ ಸಿಗ್ಲಿಲ್ಲ, ಪ್ರೈವೇಟ್ ಬಸ್ಸಿನವ್ರು ಹಬ್ಬದ ರೇಟು ಅಂತ ಎಷ್ಟೋ ಕೇಳಿದ್ರಂತೆ. ನಾನು ಬಂದ ದಿನ ಇಡೀ 'ಅಯ್ಯೋ ಬೇಜಾರು' ಅಂತ ಅವಳ ಎದುರಿಗೇ ಹೇಳ್ತಿದ್ದೆ. ಅವಳೇ ಆ ಒಂಬತ್ತು ದಿನ ನನ್ನ ಟೆಸ್ಟ್ ಕೇಸ್ ಎಲ್ಲಾ ಓಡಿಸಿದ್ದು ಅಂತ ಇವತ್ತು ನೋಡಿದಾಗ ಗೊತ್ತಾಯ್ತು.

---

ಬನಶಂಕರಿ_ಬಿಡಾರ · ಬುಧವಾರ, ಬೆಳಿಗ್ಗೆ 7:30

ಗೊತ್ತಿಲ್ದೋರಿಗೆ ಒಂದು ಮಾಹಿತಿ. ಈ ವರ್ಷ ಜನವರಿಯಿಂದ ಸೋಮವಾರ ಮಾತ್ರ ಮೆಟ್ರೋ ಬೆಳಿಗ್ಗೆ 4:15ಕ್ಕೇ ಶುರು, ಊರಿಂದ ಬರೋರಿಗೆ ಅಂತ್ಲೇ ಮಾಡಿದ್ದು. ತುಮಕೂರು ರಸ್ತೆ ಕಡೆಯಿಂದ ಬಸ್ಸಲ್ಲಿ ಬರೋರು ಮೆಜೆಸ್ಟಿಕ್ ತನಕ ಜಾಮಲ್ಲಿ ಕೂರೋ ಬದ್ಲು ಮಾದಾವರದಲ್ಲೇ ಇಳಿದು ಹಸಿರು ಲೈನ್ ಹತ್ತಬಹುದು, ಬಸ್ಸು ಅಲ್ಲಿ ನಿಲ್ಸೋದು ಡ್ರೈವರ್ ಸಾಹೇಬ್ರ ಮರ್ಜಿ. ನಾನು ಹೋದ ವಾರ ಹಂಗೇ ಬಂದೆ, ಆರೂಕಾಲಿಗೆ ಮನೇಲಿದ್ದೆ.

ಆದ್ರೆ ನನ್ನ ಕೇಳಿದ್ರೆ ಸೋಮವಾರ ಬೆಳಿಗ್ಗೆ ಬರೋದೇ ತಪ್ಪು. ಶನಿವಾರ ರಾತ್ರಿ ಹೊರಡಿ. ಭಾನುವಾರ ಬಟ್ಟೆ ಒಗೆದು, ಇಡ್ಲಿ ಹಿಟ್ಟು ರುಬ್ಬಿ, ಫ್ರಿಜ್‌ನಲ್ಲಿ ಬೂಷ್ಟು ಹಿಡಿದ ಟೊಮೇಟೊ ಬಿಸಾಕಿ, ಸುಮ್ನೆ ಕೂರಿ.

---

ಸಾಗರದ_ಕೂಸು · ಬುಧವಾರ, ಬೆಳಿಗ್ಗೆ 8:05

ಇದು ಎಲ್ರೂ ಹೇಳ್ತಾರೆ. ಆದ್ರೆ ಶನಿವಾರ ಹೊರಟರೆ ಅಮ್ಮ ಮುಖ ಸಣ್ಣ ಮಾಡ್ತಾರೆ, 'ಭಾನುವಾರ ರಜೆ ಅಲ್ವಾ ಕೂಸೆ' ಅಂತ. ಆ ಮುಖ ನೋಡಿ ಯಾರು ಹೊರಡ್ತಾರೆ.

---

ಹಾಲು_ಕೇಂದ್ರ · ಬುಧವಾರ, ರಾತ್ರಿ 8:20

ಟೀಚರ್ ಮೇಡಂ ಹೇಳಿದ್ರು ಅಂತ ಮಗನಿಗೆ ಫೋನ್ ಮಾಡಿದ್ದೆ. ನಾನು ಯಾವತ್ತೂ ಮಾಡಲ್ಲ, ಅವ್ನ ಅವ್ವನೇ ಮಾಡೋದು. ಏನಾಯ್ತು ಹಸಕ್ಕೆ ಏನಾದ್ರೂ ಆಯ್ತಾ ಅಂತ ಗಾಬರಿ ಬಿದ್ದ. ಏನಿಲ್ಲ ಸುಮ್ನೆ ಮಾಡ್ದೆ ಅಂದೆ. ಆಮೇಲೆ ಎರಡು ನಿಮಿಷ ಇಬ್ರೂ ಸುಮ್ನಿದ್ವಿ. ಆಮೇಲೆ ಅವ್ನು ಗೌರಿ ಹಾಲು ಎಷ್ಟು ಕೊಡ್ತಿದೆ ಅಂತ ಕೇಳ್ದ. ಎಂಟು ಅಂದೆ.

ಇನ್ನೊಂದು ಹೇಳ್ಬೇಕು, ಅವತ್ತು ಸಿಟ್ಟಲ್ಲಿ ಬರೆದೆ. ಹಸಕ್ಕೂ ವಾರ್ಮಪ್ ಬೇಕು ಸ್ವಾಮಿ. ಹೋದ ವರ್ಷ ನಾನು ಆಸ್ಪತ್ರೇಲಿ ಎಂಟು ದಿನ ಇದ್ದೆ, ಪಕ್ಕದ ಮನೆಯವ ಕರೀತಿದ್ದ. ನಾನು ವಾಪಸ್ ಬಂದು ಕೂತ್ರೆ ಸೊರ ಬಿಡ್ಲಿಲ್ಲ. ಕೆಚ್ಚಲು ತೊಳೆದು, ನೀವಿ, ಮಾತಾಡಿಸ್ಕೊಂಡು ಕಾಲು ಗಂಟೆ ಕೂತೆ, ಅವತ್ತು ಅರ್ಧ ಹಾಲೇ ಸಿಕ್ಕಿದ್ದು. ಪೂರ್ತಿ ಬಂದಿದ್ದು ಮೂರನೇ ದಿನಕ್ಕೆ.

---

ಪೀಣ್ಯ_ಸಿಎನ್‌ಸಿ · ಬುಧವಾರ, ರಾತ್ರಿ 8:41

ಅಣ್ಣಾ 🙏

---

ಸಾಗರದ_ಕೂಸು · ಶುಕ್ರವಾರ, 31 ಅಕ್ಟೋಬರ್, ರಾತ್ರಿ 9:30

ಕೇಳಿದೋರಿಗೆಲ್ಲ ಅಪ್‌ಡೇಟ್. ಲೀಡ್ ಹತ್ರ ಹೋಗಿ 'ಎರಡು ದಿನ ಸಣ್ಣ ರೂಟ್ ಕೊಡಿ' ಅಂದೆ, ಅವ್ರಿಗೆ ಅರ್ಥ ಆಗ್ಲಿಲ್ಲ, ಹುಬ್ಬಳ್ಳಿ ಬಸ್ಸಿನ ಕತೆ ಪೂರ್ತಿ ಹೇಳ್ಬೇಕಾಯ್ತು. ನಕ್ಕು, ಎರಡು ಮೀಟಿಂಗ್‌ನಿಂದ ನನ್ನ ಹೆಸರು ತೆಗೆದ್ರು, ಮೂರನೇದು ತೆಗೀಲಿಲ್ಲ. ಮೇಲ್ ಹೊಸದರಿಂದ ಓದಿದೆ, ನನ್ನ ಕೆಲಸ ಅಂತ ಉಳಿದಿದ್ದು 36, ಮ್ಯಾನೇಜರ್ ಸರ್ ಲೆಕ್ಕ ಹತ್ತಿರ ಹತ್ತಿರ ಸರಿ. ಗುರುವಾರ ಮಧ್ಯಾಹ್ನದಿಂದ ಕೈ ತಾನಾಗೇ ಓಡ್ತಿದೆ. ಬೀದರ್ ಹುಡುಗಿಗೆ ಉಳಿದ ಅಪ್ಪೆಮಿಡಿ ಪೂರ್ತಿ ಕೊಟ್ಟೆ, ಅವಳು ಖಡಕ್ ರೊಟ್ಟಿ ಜೊತೆ ತಿಂದು ಕಣ್ಣಲ್ಲಿ ನೀರು ಹಾಕೊಂಡ್ಲು, ಖಾರಕ್ಕೆ ಅಂತ ಹೇಳಿದ್ಲು. ಮುಂದಿನ ಸಲ ಅವಳ ರಜೆಗೆ ನಾನು ಕೂರ್ತೀನಿ ಅಂತ ಹೇಳಿದೀನಿ, ಸಂಕ್ರಾಂತಿಗೆ.

ಚಾರ್ಜರ್ ವೈರಿನ ವಾಸನೆ ಹೋಗಿಲ್ಲ. ಉಪಾಯ ಗೊತ್ತಿರೋರು ಹೇಳಿ.

---

ಪೀಣ್ಯ_ಸಿಎನ್‌ಸಿ · ಶುಕ್ರವಾರ, ರಾತ್ರಿ 9:52

ಪ್ಲಗ್‌ನಿಂದ ತೆಗೆದು, ಒದ್ದೆ ಬಟ್ಟೆಗೆ ಒಂದು ಹನಿ ಪಾತ್ರೆ ಸೋಪು, ಪಿನ್‌ಗೆ ತಾಗದ ಹಾಗೆ ಒರೆಸಿ. ಒಂದು ದಿನ ಗಾಳಿಗೆ ಬಿಡಿ. ನಾಳೆ ರಾಜ್ಯೋತ್ಸವ, ಹೆಂಗೂ ರಜಾ.

---

ಮಸಾಲೆ_ದೋಸೆ_ಸಂಘ · ಶುಕ್ರವಾರ, ರಾತ್ರಿ 10:03

ರಾಜ್ಯೋತ್ಸವ ಶನಿವಾರ ಬಂದು ಒಂದು ರಜೆ ಹೋಯ್ತು ಅಂತ ನಾನು ಅಳ್ತಿದೀನಿ, ಇವ್ರು ಚಾರ್ಜರ್ ಒಣಗಿಸ್ತಿದಾರೆ. 2026 ಕ್ಯಾಲೆಂಡರ್ ನೋಡಿದ್ರಾ ಯಾರಾದ್ರೂ? ರಾಜ್ಯೋತ್ಸವ ಭಾನುವಾರ. ದೀಪಾವಳಿ ನವೆಂಬರ್ 8, ಅದೂ ಭಾನುವಾರ.

---

ಸಾಗರದ_ಕೂಸು · ಶುಕ್ರವಾರ, ರಾತ್ರಿ 10:05

ಬಲಿಪಾಡ್ಯ ಯಾವತ್ತು ಬರತ್ತೆ ಬೇಗ ನೋಡಿ ಹೇಳಿ, ನಾನು ಈಗ್ಲೇ ಟ್ರೇನ್ ಲೆಕ್ಕ ಹಾಕ್ತೀನಿ.